ಗಲ್ಲೆಯಿಂದ ಮನೆಗೆ ಎಷ್ಟು, ಸರಕಾರಕ್ಕೆ ಎಷ್ಟು: ಕರಾವಳಿಯ ಸಣ್ಣ ವ್ಯಾಪಾರಿಗೆ ಸ್ವಂತ ಸಂಬಳ ಮತ್ತು ಆದಾಯ ತೆರಿಗೆಯ ಮಾರ್ಗದರ್ಶಿ

ಅಂಗಡಿಯ ಹುಡುಗನಿಗೆ ಸಂಬಳ ಎಷ್ಟು ಎಂದು ಕೇಳಿ, ಮಾಲೀಕರು ಥಟ್ಟನೆ ಹೇಳುತ್ತಾರೆ. ಹಾಲಿನವರಿಗೆ ಬಾಕಿ ಎಷ್ಟು, ಬಾಡಿಗೆ ಎಷ್ಟು, ಕಳೆದ ತಿಂಗಳು ಕರೆಂಟ್ ಬಿಲ್ ಎಷ್ಟು ಬಂತು, ಎಲ್ಲವೂ ಬಾಯಿಪಾಠ. ನಿಮ್ಮ ಸಂಬಳ ಎಷ್ಟು ಎಂದು ಕೇಳಿದರೆ ಮಾತ್ರ ಮೌನ. ಬಂದರು, ಹಂಪನಕಟ್ಟೆ, ಸುರತ್ಕಲ್, ಉಡುಪಿಯ ರಥಬೀದಿ ಎಂದು ಹಲವು ಕಡೆ ಅಂಗಡಿಗಳ ಲೆಕ್ಕ ಬರೆಯುತ್ತ ಬಂದ ನನಗೆ ಈ ಮೌನದ ಪರಿಚಯ ಚೆನ್ನಾಗಿ ಉಂಟು. ಅದು ನಮ್ಮ ಮನೆಯಲ್ಲೂ ಇತ್ತು. ಕಾಪುವಿನಲ್ಲಿ ತಂದೆಯವರ ದಿನಸಿ ಅಂಗಡಿ ಇಪ್ಪತ್ತು ವರ್ಷ ನಡೆಯಿತು, ವ್ಯಾಪಾರಕ್ಕೆ ಯಾವತ್ತೂ ಕೊರತೆ ಇರಲಿಲ್ಲ. ಮನೆಗೆ ಅಕ್ಕಿ ಅಂಗಡಿಯಿಂದ, ಶಾಲೆಯ ಫೀಸು ಗಲ್ಲೆಯಿಂದ, ಅಕ್ಕನ ಮದುವೆಯ ಖರ್ಚು ಸಗಟು ವ್ಯಾಪಾರಿಗೆ ಕೊಡಬೇಕಾಗಿದ್ದ ದುಡ್ಡಿನಿಂದ. ಅಂಗಡಿ ಮುಚ್ಚಿದ ಮೇಲೆ ಹಳೆಯ ಪುಸ್ತಕ ಬಿಡಿಸಿ ಕೂಡಿಸಿದಾಗ ಗೊತ್ತಾಯಿತು, ಪ್ರತಿ ವರ್ಷವೂ ಅಂಗಡಿ ಲಾಭದಲ್ಲೇ ಇತ್ತು. ಆ ಲಾಭಕ್ಕಿಂತ ಹೆಚ್ಚು ಮನೆ ಎತ್ತುತ್ತಿತ್ತು, ಅಷ್ಟೆ.

ಹಾಗಾಗಿ ಇಲ್ಲಿ ತೆರಿಗೆಗಿಂತ ಮೊದಲು ಸಂಬಳದ ಮಾತು ಬರುತ್ತದೆ. ಸ್ವಂತಕ್ಕೆ ಎಷ್ಟು ತೆಗೆಯುತ್ತೀರಿ ಎಂಬುದು ನಿಗದಿಯಾಗದೆ ತೆರಿಗೆಯ ಲೆಕ್ಕ ಸರಿಹೋಗುವುದಿಲ್ಲ.

ಒಂದು ಸೂಚನೆ. ಇಲ್ಲಿರುವ ದರಗಳು 2025-26ರ ಲೆಕ್ಕವರ್ಷಕ್ಕೆ ಅನ್ವಯಿಸುವಂಥವು. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ ಆದಾಯ ತೆರಿಗೆ ಕಾಯ್ದೆ 2025 ಬಂದಿದ್ದು, ಸೆಕ್ಷನ್ ನಂಬರುಗಳು ಬದಲಾಗಿವೆ. ಆದರೂ ಅಂಗಡಿಯವರ ಬಾಯಲ್ಲಿ, ಆಡಿಟರ ಬಾಯಲ್ಲಿ ಇನ್ನೂ ಓಡಾಡುವುದು 44 ಎಡಿ (ಅಂದಾಜು ಲಾಭದ ಸೆಕ್ಷನ್), 40 ಬಿ (ಪಾಲುದಾರರ ಸಂಬಳದ ಸೆಕ್ಷನ್) ಮುಂತಾದ ಹಳೆಯ ಹೆಸರುಗಳೇ. ನಾನೂ ಅವನ್ನೇ ಬಳಸುತ್ತೇನೆ.

ಮೊದಲ ಹೆಜ್ಜೆ: ನಿಮ್ಮ ವ್ಯಾಪಾರ ಕಾನೂನಿನ ಕಣ್ಣಿಗೆ ಏನು?

ಒಬ್ಬರೇ ನಡೆಸುವ ಅಂಗಡಿ ಏಕಮಾಲೀಕತ್ವ. ಇಲ್ಲಿ ನೀವೂ ಅಂಗಡಿಯೂ ಒಂದೇ, ಪ್ಯಾನ್ ಕೂಡ ಒಂದೇ. ಮಾಲೀಕ ತನಗೆ ತಾನೇ ಸಂಬಳ ಕೊಟ್ಟುಕೊಂಡು ಅದನ್ನು ಖರ್ಚಿನಲ್ಲಿ ತೋರಿಸುವಂತಿಲ್ಲ. ಮನೆಗೆ ಒಯ್ಯುವ ದುಡ್ಡಿಗೆ ಲೆಕ್ಕದ ಭಾಷೆಯಲ್ಲಿ ಡ್ರಾಯಿಂಗ್ಸ್ ಎನ್ನುತ್ತಾರೆ. ಅದು ಖರ್ಚೂ ಅಲ್ಲ, ಆದಾಯವೂ ಅಲ್ಲ, ನಿಮ್ಮ ಬಂಡವಾಳದಿಂದ ಹಿಂದಕ್ಕೆ ತೆಗೆದ ದುಡ್ಡು. ತೆರಿಗೆ ಬೀಳುವುದು ಲಾಭದ ಮೇಲೆ. ಹತ್ತು ಲಕ್ಷ ಲಾಭ ಮಾಡಿ ಮನೆಗೆ ಮೂರೇ ಲಕ್ಷ ಒಯ್ದರೂ ತೆರಿಗೆಯ ಲೆಕ್ಕ ಹತ್ತು ಲಕ್ಷಕ್ಕೇ. ಹತ್ತು ಲಕ್ಷ ಲಾಭಕ್ಕೆ ಹದಿನಾಲ್ಕು ಲಕ್ಷ ಒಯ್ದರೂ ತೆರಿಗೆ ಹತ್ತಕ್ಕೇ, ಉಳಿದ ನಾಲ್ಕು ಲಕ್ಷ ನೀವು ತಿಂದುಹಾಕಿದ ಬಂಡವಾಳ.

ಇಬ್ಬರು ಅಥವಾ ಹೆಚ್ಚು ಜನ ಸೇರಿದರೆ ಪಾಲುದಾರಿಕೆ. ಕಂಪನಿ ಮಾಡಿಕೊಂಡರೆ ಅದು ಬೇರೆಯೇ ವ್ಯಕ್ತಿ, ನೀವು ಅದರ ಡೈರೆಕ್ಟರ್. ಇವೆರಡಕ್ಕೂ ಮುಂದೆ ಬರುತ್ತೇನೆ. ನಮ್ಮ ಕಡೆಯ ಬಹುಪಾಲು ಅಂಗಡಿಗಳು ಏಕಮಾಲೀಕತ್ವವೇ ಆದ್ದರಿಂದ ಅದನ್ನೇ ವಿವರವಾಗಿ ನೋಡೋಣ.

ಎರಡನೆಯ ಹೆಜ್ಜೆ: ಖಾತೆ ಬೇರೆ, ಕ್ಯೂಆರ್ ಬೇರೆ

ಅಂಗಡಿಯ ಹೆಸರಿನಲ್ಲಿ ಒಂದು ಕರೆಂಟ್ ಖಾತೆ ತೆರೆಯಿರಿ. ಗಿರಾಕಿಗೆ ತೋರಿಸುವ ಕ್ಯೂಆರ್ ಆ ಖಾತೆಯದ್ದೇ ಆಗಿರಲಿ. ನಿಮ್ಮ ಸ್ವಂತ ಉಳಿತಾಯ ಖಾತೆಯ ನಂಬರಿಗೆ ಗಿರಾಕಿಯಿಂದ ಒಂದು ರೂಪಾಯಿಯೂ ಬರಬಾರದು. ತಮ್ಮ ಕಳಿಸಿದ ಕೈಗಡ, ಭಾವ ವಾಪಸ್ ಕೊಟ್ಟ ದುಡ್ಡು, ಸ್ವಸಹಾಯ ಸಂಘದ ಹಣ ಅಂಗಡಿಯ ಖಾತೆಗೆ ಬರಬಾರದು.

ಇದರ ಬೆಲೆ ಎಷ್ಟೆಂದು 2025ರ ಜುಲೈ ತೋರಿಸಿಕೊಟ್ಟಿತು. ಯುಪಿಐ ಮೂಲಕ ಬಂದ ಜಮೆಯನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡುಗಳೂ ಕಾಣಿಸಿಕೊಂಡವು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಆದರೆ ಖಾತೆಗೆ ಬಂದದ್ದೆಲ್ಲ ವಹಿವಾಟು ಅಲ್ಲ. ಮನೆಯದ್ದೂ ಅಂಗಡಿಯದ್ದೂ ಒಂದೇ ಖಾತೆಯಲ್ಲಿ ಕಲೆತುಹೋಗಿದ್ದರೆ ಯಾವುದು ಮಾರಾಟ, ಯಾವುದು ಭಾವನ ದುಡ್ಡು ಎಂದು ಸಾಲು ಸಾಲಾಗಿ ಬಿಡಿಸಿ ಹೇಳುವ ಹೊಣೆ ನಿಮ್ಮ ತಲೆಗೇ. ಬೋರ್ಡು ಬದಲಿಸುವುದು ಇದಕ್ಕೆ ಪರಿಹಾರವಲ್ಲ. ಖಾತೆ ಬೇರೆ ಮಾಡುವುದು ಪರಿಹಾರ.

ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ರೂಪಾಯಿ, ಕರೆಂಟ್ ಖಾತೆಗೆ 50 ಲಕ್ಷ ರೂಪಾಯಿ ನಗದು ಜಮೆಯಾದರೆ ಬ್ಯಾಂಕು ಅದನ್ನು ಆದಾಯ ತೆರಿಗೆ ಇಲಾಖೆಗೆ ವರದಿ ಮಾಡುತ್ತದೆ ಎಂಬುದೂ ನೆನಪಿರಲಿ.

ಇನ್ನೊಂದು ಸಣ್ಣ ಅಭ್ಯಾಸ. ಅಂಗಡಿಯಿಂದ ಮನೆಗೆ ಒಯ್ಯುವ ಅಕ್ಕಿ, ಎಣ್ಣೆ, ಬ್ರೆಡ್ಡು, ಸಾಬೂನನ್ನು ಒಂದು ಪುಸ್ತಕದಲ್ಲಿ ಖರೀದಿ ಬೆಲೆಗೆ ಬರೆದಿಡಿ. ಅದೂ ಡ್ರಾಯಿಂಗ್ಸೇ. ತಿಂಗಳ ಕೊನೆಗೆ ಕೂಡಿಸಿ ನೋಡಿದಾಗ ಮನೆಯವರೆಲ್ಲ ಬೆರಗಾಗುವುದನ್ನು ಎಷ್ಟೋ ಕಡೆ ಕಂಡಿದ್ದೇನೆ.

ಮೂರನೆಯ ಹೆಜ್ಜೆ: ಸಂಬಳ ನಿಗದಿ ಮಾಡಿ, ಆಟಿ ತಿಂಗಳಲ್ಲಿ ಪರೀಕ್ಷಿಸಿ

ಏಕಮಾಲೀಕರಿಗೆ ಕಾನೂನಿನ ಪ್ರಕಾರ ಸಂಬಳವಿಲ್ಲ, ನಿಜ. ಆದರೆ ಶಿಸ್ತಿನ ಪ್ರಕಾರ ಇರಲೇಬೇಕು. ತಿಂಗಳ ಒಂದು ನಿಗದಿತ ತಾರೀಕು, ಒಂದು ನಿಗದಿತ ಮೊತ್ತ, ಅಂಗಡಿಯ ಖಾತೆಯಿಂದ ಮನೆಯ ಖಾತೆಗೆ ಒಂದೇ ವರ್ಗಾವಣೆ. ಗಲ್ಲೆಗೆ ಕೈ ಹಾಕುವುದು ಅಲ್ಲಿಗೆ ನಿಲ್ಲಬೇಕು.

ಮೊತ್ತ ಕಂಡುಹಿಡಿಯುವುದು ಹೇಗೆ? ಸುರತ್ಕಲ್‌ನಲ್ಲಿ ಒಂದು ಬೇಕರಿ ಉಂಟು ಎಂದುಕೊಳ್ಳಿ. ಎಲ್ಲ ಖರ್ಚು ಕಳೆದು ವರ್ಷದ ಲಾಭ 15,00,000 ರೂಪಾಯಿ. ಇದರಲ್ಲಿ ಮೊದಲು ತೆರಿಗೆ ಕಳೆಯಿರಿ, ಅದು 1,09,200 ರೂಪಾಯಿ. ಲೆಕ್ಕ ಮುಂದೆ ಕೊಡುತ್ತೇನೆ. ಆಮೇಲೆ ಓವನ್ ಸಾಲದ ಅಸಲಿನ ಕಂತು, ವರ್ಷಕ್ಕೆ 2,40,000. ಇಲ್ಲಿ ತುಂಬ ಜನ ತಪ್ಪುತ್ತಾರೆ. ಸಾಲದ ಬಡ್ಡಿ ಖರ್ಚು, ಅಸಲು ಖರ್ಚಲ್ಲ. ಲಾಭದ ಲೆಕ್ಕದಲ್ಲಿ ಅಸಲು ಕಾಣುವುದೇ ಇಲ್ಲ, ಆದರೆ ದುಡ್ಡು ಹೋಗುತ್ತದೆ. ಮೂರನೆಯದು ವ್ಯಾಪಾರ ಬೆಳೆಸಲು, ಹಳೆಯ ಫ್ರಿಜ್ ಬದಲಿಸಲು ಎತ್ತಿಡುವ ದುಡ್ಡು, 1,50,000. ಇಷ್ಟೂ ಕಳೆದರೆ ಉಳಿಯುವುದು 10,00,800. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 83,400 ರೂಪಾಯಿ.

ಅದನ್ನು ಹಾಗೆಯೇ ತೆಗೆಯಬೇಡಿ. ನಮ್ಮ ಕರಾವಳಿಯ ವ್ಯಾಪಾರ ಹನ್ನೆರಡು ತಿಂಗಳೂ ಒಂದೇ ಸಮ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ ಬಂದರಿನಲ್ಲೂ ಮಂಗಳೂರಿನ ದಕ್ಕೆಯಲ್ಲೂ ಬೋಟುಗಳು ನಿಂತರೆ ಐಸ್ ಪ್ಲಾಂಟಿನಿಂದ ಹಿಡಿದು ಚಹಾದಂಗಡಿಯವರೆಗೆ ಕೈ ಖಾಲಿ. ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ನಂತರ ಯಕ್ಷಗಾನ ಮೇಳಗಳ ತಿರುಗಾಟವಿಲ್ಲ, ಕೋಲ ನೇಮಗಳಿಲ್ಲ. ಜುಲೈ–ಆಗಸ್ಟಿನ ತುಳು ತಿಂಗಳು ಆಟಿ ಬಂದರೆ ಮದುವೆ, ಗೃಹಪ್ರವೇಶ ಎರಡೂ ಇಲ್ಲ. ಅದರ ಮುಂದಿನ ತಿಂಗಳು ಸೋಣ ಕಳೆದು ನವರಾತ್ರಿ, ದೀಪಾವಳಿ ಬಂದ ಮೇಲೆ ಮತ್ತೆ ಚೇತರಿಕೆ, ಏಪ್ರಿಲ್–ಮೇಯಲ್ಲಿ ಮದುವೆಯ ಭರಾಟೆ. ನಿಮ್ಮ ಸಂಬಳ ಆಟಿಯ ವ್ಯಾಪಾರದಲ್ಲೂ ನಿಲ್ಲದೆ ಕೊಡಬಹುದಾದಷ್ಟು ಇರಬೇಕು. ನಮ್ಮ ಬೇಕರಿಗೆ ನಾನಾದರೆ ತಿಂಗಳಿಗೆ 65,000 ಎಂದು ಗೊತ್ತು ಮಾಡುತ್ತೇನೆ. ಉಳಿಯುವ 18,400ನ್ನು ಅಂಗಡಿಯಲ್ಲೇ ಬಿಟ್ಟರೆ ವರ್ಷಕ್ಕೆ 2,20,800 ಆಗುತ್ತದೆ. ದೀಪಾವಳಿಯ ಅಂಗಡಿಪೂಜೆಯ ಹೊತ್ತಿಗೆ ಅರ್ಧದಷ್ಟು, ಮಾರ್ಚ್ ಕೊನೆಗೆ ಲಾಭ ಖಚಿತವಾದ ಮೇಲೆ ಉಳಿದದ್ದು. ಇದು ನಿಮಗೆ ನೀವು ಕೊಡುವ ಬೋನಸ್.

ವರ್ಷದ ಕೊನೆಗೆ ಒಂದು ಸಾಲಿನ ತಾಳೆ ನೋಡಿ. ವರ್ಷದ ಆರಂಭದ ಬಂಡವಾಳಕ್ಕೆ ಲಾಭ ಕೂಡಿಸಿ, ಡ್ರಾಯಿಂಗ್ಸ್ ಕಳೆಯಿರಿ. ಬೇಕರಿಯ ಬಂಡವಾಳ 12,00,000 ಇದ್ದು, ಲಾಭ 15,00,000, ಮನೆಗೆ ಮತ್ತು ತೆರಿಗೆಗೆ ಸೇರಿ ಹೋದದ್ದು 11,10,000 ಆದರೆ ಕೊನೆಯ ಬಂಡವಾಳ 15,90,000. ಆರಂಭಕ್ಕಿಂತ 3,90,000 ಹೆಚ್ಚು. ತೀರಿಸಿದ ಅಸಲು ಮತ್ತು ಎತ್ತಿಟ್ಟ ದುಡ್ಡು ಸೇರಿದರೆ ಅಷ್ಟೇ ಆಗಬೇಕು. ಈ ಅಂಕಿ ಎರಡು ವರ್ಷ ಸತತವಾಗಿ ಇಳಿದರೆ ಮನೆ ಅಂಗಡಿಯನ್ನು ತಿನ್ನುತ್ತಿದೆ ಎಂದರ್ಥ. ನನ್ನ ತಂದೆಯವರ ಪುಸ್ತಕದಲ್ಲಿ ಈ ಒಂದು ಸಾಲು ಇರಲಿಲ್ಲ.

ಆದಾಯ ತೆರಿಗೆಯನ್ನು ಡ್ರಾಯಿಂಗ್ಸ್‌ಗೆ ಸೇರಿಸಿದ್ದೇಕೆ ಎಂದು ಕೇಳಬಹುದು. ಆದಾಯ ತೆರಿಗೆ ವ್ಯಾಪಾರದ ಖರ್ಚಲ್ಲ, ನಿಮ್ಮ ವೈಯಕ್ತಿಕ ಬಾಧ್ಯತೆ. ಅಂಗಡಿ ಖಾತೆಯಿಂದ ಕಟ್ಟಿದರೂ ಅದು ನಿಮ್ಮ ಲೆಕ್ಕಕ್ಕೇ ಬರೆಯಬೇಕು. ಜೀವವಿಮೆಯ ಕಂತು, ಮಕ್ಕಳ ಫೀಸು, ಮನೆಯ ಕರೆಂಟ್ ಬಿಲ್ಲಿಗೂ ಅದೇ ನಿಯಮ.

ನಾಲ್ಕನೆಯ ಹೆಜ್ಜೆ: ನಿಜವಾದ ಲಾಭ ಎಷ್ಟು?

ವ್ಯಾಪಾರಕ್ಕಾಗಿಯೇ ಆದ ಖರ್ಚು ಮಾತ್ರ ಕಳೆಯಬಹುದು: ಖರೀದಿ, ಕೂಲಿ, ಬಾಡಿಗೆ, ವಿದ್ಯುತ್, ಸಾಗಾಟ, ಸಾಲದ ಬಡ್ಡಿ, ಆಡಿಟರ ಫೀಸು, ರಾಜ್ಯದ ವೃತ್ತಿ ತೆರಿಗೆ. ಸ್ಕೂಟರು ಅಂಗಡಿಗೂ ಮನೆಗೂ ಓಡಿದರೆ ಅಂಗಡಿಯ ಪಾಲು ಮಾತ್ರ. ಓವನ್‌ನಂಥ ಯಂತ್ರಕ್ಕೆ ವರ್ಷಕ್ಕೆ ಶೇ. 15, ಪೀಠೋಪಕರಣಕ್ಕೆ ಶೇ. 10, ಕಂಪ್ಯೂಟರಿಗೆ ಶೇ. 40 ಸವಕಳಿ. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಹಾಗಾಗಿ ಮಾರ್ಚ್ ಕೊನೆಯಲ್ಲಿ ‘ತೆರಿಗೆ ಉಳಿಸಲು’ ಯಂತ್ರ ಖರೀದಿಸಲು ಓಡುವವರಿಗೆ ಅಂದುಕೊಂಡಷ್ಟು ಲಾಭವಿಲ್ಲ.

ನಗದಿನ ವಿಷಯದಲ್ಲಿ ಎರಡು ಗೆರೆ ದಾಟಬೇಡಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಒಪ್ಪುವುದಿಲ್ಲ. ಒಬ್ಬರಿಂದ ಒಂದು ದಿನ ಅಥವಾ ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವುದು ನಿಷಿದ್ಧ, ಪಡೆದಷ್ಟೇ ಮೊತ್ತದ ದಂಡ ಬೀಳಬಹುದು.

ಮನೆಯವರಿಗೆ ಸಂಬಳ ಕೊಡಬಹುದೇ? ನಿಜವಾಗಿ ಕೆಲಸ ಮಾಡುವ ತಮ್ಮನಿಗೋ ಮಗಳಿಗೋ ಮಾರುಕಟ್ಟೆಯ ದರದಲ್ಲಿ, ಬ್ಯಾಂಕ್ ಮೂಲಕ ಕೊಟ್ಟರೆ ಅದು ಖರ್ಚು. ಹೊರಗಿನವರಿಗೆ ಕೊಡದಷ್ಟು ದೊಡ್ಡ ಮೊತ್ತ ಕೊಟ್ಟರೆ ಹೆಚ್ಚಿನ ಭಾಗವನ್ನು ಅಧಿಕಾರಿ ತಳ್ಳಿಹಾಕಬಹುದು. ಹೆಂಡತಿ ಅಥವಾ ಗಂಡನ ವಿಷಯ ಬೇರೆ. ಆ ಸಂಬಳ ಅವರ ತಾಂತ್ರಿಕ ಅಥವಾ ವೃತ್ತಿಪರ ಜ್ಞಾನಕ್ಕೆ ಸಂದದ್ದಲ್ಲವಾದರೆ ನಿಮ್ಮ ಆದಾಯಕ್ಕೇ ಸೇರಿಸುತ್ತಾರೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೌಂಟರಿನಲ್ಲಿ ನಿಲ್ಲುವ ಹೆಂಗಸಿನ ದುಡಿಮೆಗೆ ಈ ನಿಯಮ ನ್ಯಾಯ ಮಾಡುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಕಾನೂನು ಸದ್ಯಕ್ಕೆ ಹಾಗಿದೆ.

ಐದನೆಯ ಹೆಜ್ಜೆ: 44 ಎಡಿ ನಿಮಗೆ ಹೊಂದುತ್ತದೆಯೇ?

ವಿವರವಾದ ಲೆಕ್ಕಪುಸ್ತಕ ಇಡಲಾಗದವರಿಗೆ ಅಂದಾಜು ಲಾಭದ ದಾರಿ ಇದು. ವಹಿವಾಟು 2 ಕೋಟಿಯವರೆಗೆ, ನಗದಾಗಿ ಬಂದದ್ದು ಒಟ್ಟು ವಹಿವಾಟಿನ ಶೇ. 5 ಮೀರದಿದ್ದರೆ 3 ಕೋಟಿಯವರೆಗೆ. ಯುಪಿಐ, ಕಾರ್ಡು, ಚೆಕ್ ಮೂಲಕ ಬಂದ ಮಾರಾಟಕ್ಕೆ ಶೇ. 6, ನಗದಿಗೆ ಶೇ. 8 ಲಾಭ ಎಂದು ಹಿಡಿಯಬೇಕು. ಅದರಿಂದ ಮತ್ತೆ ಯಾವ ಖರ್ಚನ್ನೂ ಕಳೆಯುವಂತಿಲ್ಲ.

ಕಮಿಷನ್ ವ್ಯಾಪಾರಕ್ಕೆ ಈ ದಾರಿ ಇಲ್ಲ. ಮೀನಿನ ಹರಾಜಿನ ಏಜೆಂಟರು, ಅಡಿಕೆಯ ಕಮಿಷನ್ ಮಂಡಿಯವರು, ವಿಮಾ ಏಜೆಂಟರು ಇದನ್ನು ಬಳಸುವಂತಿಲ್ಲ. ಡಾಕ್ಟರು, ವಕೀಲರು, ಎಂಜಿನಿಯರುಗಳಿಗೆ 44 ಎಡಿಎ ಬೇರೆ ಉಂಟು: ಗಳಿಕೆ 50 ಲಕ್ಷದವರೆಗೆ, ನಗದು ಶೇ. 5ರೊಳಗಿದ್ದರೆ 75 ಲಕ್ಷದವರೆಗೆ, ಅರ್ಧದಷ್ಟು ಲಾಭ. ಹತ್ತಕ್ಕಿಂತ ಹೆಚ್ಚು ವಾಹನ ಇಲ್ಲದ ಗೂಡ್ಸ್ ಟೆಂಪೋ ಮಾಲೀಕರಿಗೆ 44 ಎಇ: ವಾಹನವೊಂದಕ್ಕೆ ತಿಂಗಳಿಗೆ 7,500 ರೂಪಾಯಿ, 12 ಟನ್ ಮೀರಿದ ಲಾರಿಗೆ ಟನ್ನಿಗೆ 1,000.

ಈಗ ನಮ್ಮ ಬೇಕರಿಗೆ ಬನ್ನಿ. ವಹಿವಾಟು 95 ಲಕ್ಷ. ಯುಪಿಐ ಮತ್ತು ಬ್ಯಾಂಕಿನಲ್ಲಿ 70 ಲಕ್ಷ, ಅದರ ಶೇ. 6 ಎಂದರೆ 4,20,000. ನಗದು 25 ಲಕ್ಷ, ಅದರ ಶೇ. 8 ಎಂದರೆ 2,00,000. ಒಟ್ಟು 6,20,000. ಇಷ್ಟೇ ತೋರಿಸಿದರೆ ಸಾಕು ಎಂದು ಸಲಹೆ ಕೊಡುವವರು ಊರು ತುಂಬ ಇದ್ದಾರೆ. ಆದರೆ ಶೇ. 6, ಶೇ. 8 ಕನಿಷ್ಠ ಮಿತಿ. ಹೆಚ್ಚು ಗಳಿಸಿದ್ದರೆ ಹೆಚ್ಚು ತೋರಿಸಲು ಅದೇ ಸೆಕ್ಷನ್ನಿನಲ್ಲಿ ಅವಕಾಶವಿದೆ. ನಿಮಗೆ 15 ಲಕ್ಷ ಲಾಭ ಬಂದದ್ದು ಗೊತ್ತಿದ್ದೂ 6,20,000 ಬರೆಯಬೇಡಿ ಎಂದೇ ನಾನು ಹೇಳುವುದು. ವರ್ಷಕ್ಕೆ ಹತ್ತು ಲಕ್ಷ ಮನೆಗೆ ಹೋದದ್ದು ಬ್ಯಾಂಕಿನ ಹಾಳೆಯಲ್ಲಿ ಕಾಣುತ್ತದೆ. ಆರು ಲಕ್ಷದ ಆದಾಯದಿಂದ ಹತ್ತು ಲಕ್ಷದ ಸಂಸಾರ ಹೇಗೆ ನಡೆಯಿತು ಎಂಬ ಪ್ರಶ್ನೆಗೆ ಉತ್ತರ ಎಲ್ಲಿಂದ ತರುತ್ತೀರಿ? ನಾಳೆ ಮನೆ ಸಾಲಕ್ಕೆ ಹೋದಾಗ ಬ್ಯಾಂಕು ನೋಡುವುದೂ ರಿಟರ್ನಿನ ಅಂಕಿಯನ್ನೇ. ರಸ್ತೆ ಅಪಘಾತದ ಪರಿಹಾರದ ದಾವೆಯಲ್ಲಿ ದುಡಿಯುವವರ ಆದಾಯಕ್ಕೆ ಮುಖ್ಯ ಪುರಾವೆಯೂ ಅದೇ. ಕಡಿಮೆ ತೋರಿಸಿ ಉಳಿಸಿದ ನಾಲ್ಕು ಕಾಸು, ಕಷ್ಟಕಾಲದಲ್ಲಿ ಮನೆಯವರ ಕೈಯಿಂದ ಲಕ್ಷಗಳನ್ನು ಕಿತ್ತುಕೊಂಡದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಇನ್ನೊಂದು ಕೊಂಡಿ ಉಂಟು. ಒಮ್ಮೆ 44 ಎಡಿಗೆ ಬಂದ ಮೇಲೆ ಮುಂದಿನ ಐದು ವರ್ಷಗಳಲ್ಲಿ ಯಾವಾಗಲಾದರೂ ಶೇ. 6 ಅಥವಾ 8ಕ್ಕಿಂತ ಕಡಿಮೆ ಲಾಭ ತೋರಿಸಿ ಹೊರಬಂದರೆ, ಅಲ್ಲಿಂದ ಐದು ವರ್ಷ ಮತ್ತೆ ಒಳಗೆ ಹೋಗುವಂತಿಲ್ಲ. ಆದಾಯ ತೆರಿಗೆಯ ಕನಿಷ್ಠ ಮಿತಿ ಮೀರಿದ್ದರೆ ಲೆಕ್ಕಪುಸ್ತಕ ಇಟ್ಟು ಆಡಿಟ್ ಕೂಡ ಮಾಡಿಸಬೇಕು. ಲಾಭದ ಅಂತರ ತೀರ ಸಣ್ಣದಿರುವ ಸಗಟು ವ್ಯಾಪಾರಿಗಳು ಇದನ್ನು ಯೋಚಿಸಿಯೇ ಕಾಲಿಡಬೇಕು.

ಆರನೆಯ ಹೆಜ್ಜೆ: ತೆರಿಗೆ ಎಷ್ಟು ಬೀಳುತ್ತದೆ?

ತೆರಿಗೆ ಲೆಕ್ಕ ಹಾಕಲು ಹೊಸದು, ಹಳೆಯದು ಎಂದು ಎರಡು ಪದ್ಧತಿಗಳುಂಟು. ಹೊಸ ಪದ್ಧತಿಯಲ್ಲಿ 2025-26ರಿಂದ 4 ಲಕ್ಷದವರೆಗೆ ತೆರಿಗೆ ಇಲ್ಲ. 4ರಿಂದ 8 ಲಕ್ಷಕ್ಕೆ ಶೇ. 5, 8ರಿಂದ 12ಕ್ಕೆ ಶೇ. 10, 12ರಿಂದ 16ಕ್ಕೆ ಶೇ. 15, 16ರಿಂದ 20ಕ್ಕೆ ಶೇ. 20, 20ರಿಂದ 24ಕ್ಕೆ ಶೇ. 25, ಅದರ ಮೇಲೆ ಶೇ. 30. ಒಟ್ಟು ಆದಾಯ 12 ಲಕ್ಷದೊಳಗಿದ್ದರೆ 60,000 ರೂಪಾಯಿವರೆಗಿನ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಷೇರು, ಜಾಗ ಮಾರಿದ ಲಾಭದಂಥ ವಿಶೇಷ ದರದ ಆದಾಯಕ್ಕೆ ಈ ರಿಯಾಯಿತಿ ಇಲ್ಲ.

ಈ 12 ಲಕ್ಷದ ಮಾತನ್ನು ಇನ್ನೊಮ್ಮೆ ಓದಿ. ವರ್ಷಕ್ಕೆ 9 ಲಕ್ಷ ಲಾಭ ಮಾಡುವ ವ್ಯಾಪಾರಿ ಅದನ್ನು 4 ಲಕ್ಷ ಎಂದು ತೋರಿಸಿದರೂ ತೆರಿಗೆ ಸೊನ್ನೆ, 9 ಲಕ್ಷ ಎಂದೇ ತೋರಿಸಿದರೂ ಸೊನ್ನೆ. ಹಾಗಿರುವಾಗ ಕಡಿಮೆ ತೋರಿಸುವ ಹಳೆಯ ಚಾಳಿಗೆ ಯಾವ ಕಾರಣವೂ ಉಳಿದಿಲ್ಲ.

ಬೇಕರಿಯ 15 ಲಕ್ಷಕ್ಕೆ: ಮೊದಲ 4 ಲಕ್ಷಕ್ಕೆ ಏನಿಲ್ಲ, ಮುಂದಿನ 4ಕ್ಕೆ 20,000, ಅದರ ಮುಂದಿನ 4ಕ್ಕೆ 40,000, ಕೊನೆಯ 3 ಲಕ್ಷಕ್ಕೆ 45,000. ಒಟ್ಟು 1,05,000. ಶೇ. 4 ಸೆಸ್ 4,200 ಸೇರಿ 1,09,200. ಸಂಬಳದಾರರಿಗೆ ಸಿಗುವ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ವ್ಯಾಪಾರದ ಆದಾಯಕ್ಕೆ ಇಲ್ಲ.

12 ಲಕ್ಷ ಸ್ವಲ್ಪವೇ ದಾಟಿದರೆ ಹೆದರಬೇಡಿ. 12,10,000 ಆದಾಯಕ್ಕೆ ದರದ ಪ್ರಕಾರ 61,500 ಆಗುತ್ತದಾದರೂ, ದಾಟಿದ 10,000ಕ್ಕಿಂತ ಹೆಚ್ಚು ತೆರಿಗೆ ಹಾಕುವುದಿಲ್ಲ. ಸೆಸ್ ಸೇರಿ 10,400.

ಹಳೆಯ ಪದ್ಧತಿಯಲ್ಲಿ ವಿಮೆ, ಪಿಪಿಎಫ್, ಮನೆ ಸಾಲದ ಬಡ್ಡಿಯ ವಿನಾಯಿತಿಗಳು ಉಂಟು. ಬೇಕಿದ್ದರೆ ರಿಟರ್ನ್ ಗಡುವಿನೊಳಗೆ 10-ಐಇಎ ನಮೂನೆ ಸಲ್ಲಿಸಬೇಕು. ವ್ಯಾಪಾರದ ಆದಾಯ ಇರುವವರಿಗೆ ಸಂಬಳದಾರರಂತೆ ವರ್ಷಕ್ಕೊಮ್ಮೆ ಆಚೀಚೆ ಹೋಗುವ ಸ್ವಾತಂತ್ರ್ಯವಿಲ್ಲ. ಹಳೆಯದಕ್ಕೆ ಹೋಗಿ ಒಮ್ಮೆ ಹೊಸದಕ್ಕೆ ಮರಳಿದರೆ, ವ್ಯಾಪಾರದ ಆದಾಯ ಇರುವವರೆಗೆ ಮತ್ತೆ ಹಳೆಯದು ಸಿಗುವುದಿಲ್ಲ.

ಏಳನೆಯ ಹೆಜ್ಜೆ: ತೆರಿಗೆಗೂ ಪಿಗ್ಮಿ ಕಟ್ಟಿ

1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟರು ಮನೆಮನೆಗೆ, ಅಂಗಡಿ ಅಂಗಡಿಗೆ ಬಂದು ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸುತ್ತಿದ್ದರು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಆದರೆ ಸಂಜೆ ಪಿಗ್ಮಿ ಕಟ್ಟುವ ಅಭ್ಯಾಸ ನಮ್ಮ ಜಿಲ್ಲೆಗಳ ಸಹಕಾರಿ ಸಂಘಗಳಲ್ಲಿ ಇನ್ನೂ ಜೀವಂತ. ತೆರಿಗೆಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಬೇಕರಿ ವರ್ಷಕ್ಕೆ 300 ದಿನ ತೆರೆದಿದ್ದರೆ, ದಿನಕ್ಕೆ 364 ರೂಪಾಯಿ ಎತ್ತಿಟ್ಟರೆ 1,09,200 ಆಗುತ್ತದೆ. ಇಡೀ ತೆರಿಗೆ. ಪಿಗ್ಮಿಯಾದರೂ ಸರಿ, ಬೇರೆ ಉಳಿತಾಯ ಖಾತೆಯಾದರೂ ಸರಿ. ಪಿಗ್ಮಿಯಾದರೆ ಅವಧಿಗೆ ಮೊದಲು ತೆಗೆದರೆ ಬಡ್ಡಿ ಕಡಿತ ಎಷ್ಟು ಎಂದು ಮೊದಲೇ ಕೇಳಿಕೊಳ್ಳಿ, ಏಕೆಂದರೆ ಸರಕಾರ ವರ್ಷದ ಕೊನೆಯವರೆಗೆ ಕಾಯುವುದಿಲ್ಲ.

ವರ್ಷದ ತೆರಿಗೆ 10,000 ಅಥವಾ ಹೆಚ್ಚಾಗುವುದಾದರೆ ಮುಂಗಡ ತೆರಿಗೆ ಕಟ್ಟಬೇಕು. ಬೇಕರಿಯ ಲೆಕ್ಕದಲ್ಲಿ:

ಜೂನ್ 15ರೊಳಗೆ ಶೇ. 15, ಅಂದರೆ 16,380 ರೂಪಾಯಿ.
ಸೆಪ್ಟೆಂಬರ್ 15ರೊಳಗೆ ಒಟ್ಟು ಶೇ. 45, ಇನ್ನೂ 32,760.
ಡಿಸೆಂಬರ್ 15ರೊಳಗೆ ಒಟ್ಟು ಶೇ. 75, ಮತ್ತೆ 32,760.
ಮಾರ್ಚ್ 15ರೊಳಗೆ ಪೂರ್ತಿ, ಉಳಿದ 27,300.

44 ಎಡಿ ಆರಿಸಿದವರಿಗೆ ನಾಲ್ಕು ಕಂತಿಲ್ಲ, ಮಾರ್ಚ್ 15ರೊಳಗೆ ಒಂದೇ ಸಲ. ನಮ್ಮ ಕಡೆಯವರಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ಜೂನ್ ಕಂತು ಬರುವುದು ಮಳೆಗಾಲದ ಬಾಗಿಲಲ್ಲಿ, ಶಾಲೆಯ ಫೀಸಿನ ಹೊತ್ತಿನಲ್ಲಿ. ಕಂತು ತಪ್ಪಿದರೆ ಕೊರತೆಯ ಮೇಲೆ ತಿಂಗಳಿಗೆ ಶೇ. 1 ಬಡ್ಡಿ. ಮಾರ್ಚ್ 31ರೊಳಗೆ ಶೇ. 90 ಕೂಡ ಕಟ್ಟದಿದ್ದರೆ ಏಪ್ರಿಲ್‌ನಿಂದ ಇನ್ನೊಂದು ಶೇ. 1. ಕಟ್ಟುವುದು ಸುಲಭ: ಇಲಾಖೆಯ ಜಾಲತಾಣದಲ್ಲಿ ‘ಇ-ಪೇ ಟ್ಯಾಕ್ಸ್’, ಪ್ಯಾನ್, ವರ್ಷ, ‘ಅಡ್ವಾನ್ಸ್ ಟ್ಯಾಕ್ಸ್’. ವರ್ಷದ ಆಯ್ಕೆಯನ್ನು ಎರಡು ಸಲ ನೋಡಿ, ತಪ್ಪಾಗುವುದು ಅಲ್ಲೇ.

ಗಿರಾಕಿಯಿಂದ ವಸೂಲಿಯಾದ ಜಿಎಸ್‌ಟಿ ನಿಮ್ಮ ಮಾರಾಟವೂ ಅಲ್ಲ, ಲಾಭವೂ ಅಲ್ಲ. ಅದನ್ನು ಈ ಪಿಗ್ಮಿಯ ಜೊತೆ ಬೆರೆಸದೆ ಬೇರೆಯಾಗಿ ಎತ್ತಿಡಿ.

ಪಾಲುದಾರಿಕೆಯಾದರೆ

ಇಲ್ಲಿ ಪಾಲುದಾರರಿಗೆ ಸಂಬಳ ಕೊಟ್ಟು ಖರ್ಚಾಗಿ ತೋರಿಸಬಹುದು, ಮೂರು ಷರತ್ತುಗಳಿವೆ. ಪಾಲುದಾರ ನಿಜವಾಗಿ ಕೆಲಸ ಮಾಡುವವರಾಗಿರಬೇಕು. ಸಂಬಳದ ಮೊತ್ತ ಅಥವಾ ಅದನ್ನು ಲೆಕ್ಕ ಹಾಕುವ ರೀತಿ ಕರಾರುಪತ್ರದಲ್ಲಿ ಬರೆದಿರಬೇಕು. ಮಿತಿಯೊಳಗಿರಬೇಕು. ಮಿತಿ ಹೀಗೆ: ಲಾಭದ ಮೊದಲ 6 ಲಕ್ಷಕ್ಕೆ 3 ಲಕ್ಷ ಅಥವಾ ಶೇ. 90, ಯಾವುದು ಹೆಚ್ಚೋ ಅದು. ಉಳಿದದ್ದಕ್ಕೆ ಶೇ. 60. ಬಂಡವಾಳದ ಮೇಲಿನ ಬಡ್ಡಿ ವರ್ಷಕ್ಕೆ ಶೇ. 12 ಮೀರಬಾರದು.

ಅಣ್ಣ ತಂಗಿ ಸೇರಿ ಉಡುಪಿಯಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುತ್ತಾರೆ, ಬಡ್ಡಿ ಕಳೆದು ಸಂಬಳಕ್ಕೆ ಮೊದಲಿನ ಲಾಭ 10 ಲಕ್ಷ ಎನ್ನಿ. ಮೊದಲ 6 ಲಕ್ಷಕ್ಕೆ 5,40,000, ಉಳಿದ 4 ಲಕ್ಷಕ್ಕೆ 2,40,000, ಒಟ್ಟು 7,80,000. ತಲಾ 3,90,000. ಅವರಿಗೆ ಬೇರೆ ಆದಾಯವಿಲ್ಲದಿದ್ದರೆ ಅದರ ಮೇಲೆ ತೆರಿಗೆ ಇಲ್ಲ. ಅಂಗಡಿಯಲ್ಲಿ ಉಳಿದ 2,20,000ಕ್ಕೆ ಶೇ. 30 ಮತ್ತು ಸೆಸ್, 68,640. ಆ ಮೇಲೆ ಹಂಚಿಕೊಳ್ಳುವ ಲಾಭಕ್ಕೆ ಪಾಲುದಾರರ ಕೈಯಲ್ಲಿ ಮತ್ತೆ ತೆರಿಗೆ ಇಲ್ಲ. ಕರಾರುಪತ್ರದಲ್ಲಿ ಸಂಬಳದ ಸಾಲು ಇಲ್ಲದಿದ್ದರೆ ಇಡೀ 10 ಲಕ್ಷಕ್ಕೆ ಶೇ. 30 ಬೀಳುತ್ತಿತ್ತು, ಸೆಸ್ ಸೇರಿ 3,12,000. ಹಳೆಯ ಕರಾರು ಇದ್ದವರು ಇವತ್ತೇ ತೆಗೆದು ಓದಿ.

ಇದೆಲ್ಲ ಲೆಕ್ಕಪುಸ್ತಕ ಇಟ್ಟ ಅಂಗಡಿಗೆ. ಪಾಲುದಾರಿಕೆ 44 ಎಡಿ ಆರಿಸಿದರೆ ಆ ಅಂದಾಜು ಲಾಭದಿಂದ ಪಾಲುದಾರರ ಸಂಬಳ ಕಳೆಯಲು ಬರುವುದಿಲ್ಲ.

2025ರ ಏಪ್ರಿಲ್ 1ರಿಂದ ಇನ್ನೊಂದು ಹೊಣೆ ಬಂದಿದೆ. ಒಬ್ಬ ಪಾಲುದಾರರಿಗೆ ಸಂಬಳ, ಬಡ್ಡಿ, ಕಮಿಷನ್, ಬೋನಸ್ ಸೇರಿ ವರ್ಷಕ್ಕೆ 20,000 ದಾಟಿದರೆ ಶೇ. 10 ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ, ಕಡಿದು ಕಟ್ಟಬೇಕು. ಅದಕ್ಕೆ ಅಂಗಡಿಗೆ, ತೆರಿಗೆ ಕಡಿಯುವವರಿಗೆ ಕೊಡುವ ಟ್ಯಾನ್ ನಂಬರ್ ಬೇಕು. ಅಣ್ಣ ತಂಗಿಯರಿಗೆ ತಲಾ 39,000 ಕಡಿತವಾಗಿ, ರಿಟರ್ನ್ ಹಾಕಿದ ಮೇಲೆ ವಾಪಸ್ ಬರುತ್ತದೆ.

ಕಂಪನಿಯಾದರೆ

ಡೈರೆಕ್ಟರ್ ಆಗಿ ನೀವು ಪಡೆಯುವುದು ನಿಜವಾದ ಸಂಬಳ. ಕಂಪನಿ ಟಿಡಿಎಸ್ ಕಡಿಯುತ್ತದೆ, 75,000 ಡಿಡಕ್ಷನ್ ಸಿಗುತ್ತದೆ, ಹಾಗಾಗಿ 12,75,000 ಸಂಬಳದವರೆಗೆ ತೆರಿಗೆ ಇಲ್ಲ. ಲಾಭಾಂಶ ಪಡೆದರೆ ಅದು 2020ರ ಏಪ್ರಿಲ್‌ನಿಂದ ನಿಮ್ಮ ಕೈಯಲ್ಲೇ ತೆರಿಗೆಗೆ ಒಳಪಡುತ್ತದೆ. ಆದರೆ ಕಂಪನಿಯ ಖಾತೆಯಿಂದ ಬೇಕೆಂದಾಗ ದುಡ್ಡು ಎತ್ತುವಂತಿಲ್ಲ. ಶೇ. 10 ಅಥವಾ ಹೆಚ್ಚು ಮತಾಧಿಕಾರದ ಷೇರು ಇರುವವರು ಸಾಲದ ರೂಪದಲ್ಲಿ ತೆಗೆದದ್ದನ್ನೂ ಕಂಪನಿಯ ಕೂಡಿಟ್ಟ ಲಾಭದ ಮಟ್ಟಿಗೆ ಲಾಭಾಂಶವೆಂದೇ ಹಿಡಿದು ತೆರಿಗೆ ಹಾಕುತ್ತಾರೆ. ವ್ಯಾಪಾರ ಇರಲಿ ಇಲ್ಲದಿರಲಿ ಪ್ರತಿ ವರ್ಷ ಆಡಿಟ್ ಕಡ್ಡಾಯ. ಒಂದೇ ಅಂಗಡಿಯ ವ್ಯಾಪಾರಿಗೆ ಕೇವಲ ತೆರಿಗೆಗಾಗಿ ಕಂಪನಿ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಕೊನೆಯ ಹೆಜ್ಜೆ: ಮಾರ್ಚ್ 31ರಿಂದ ರಿಟರ್ನ್‌ವರೆಗೆ

ಮಾರ್ಚ್ 31ರ ರಾತ್ರಿ ಅಂಗಡಿ ಮುಚ್ಚುವ ಮೊದಲು ಸ್ಟಾಕ್ ಎಣಿಸಿ ಬರೆಯಿರಿ, ಗಲ್ಲೆಯ ನಗದು ಎಣಿಸಿ, ಯಾರು ಎಷ್ಟು ಕೊಡಬೇಕು, ನೀವು ಯಾರಿಗೆ ಕೊಡಬೇಕು ಎಂದು ಪಟ್ಟಿ ಮಾಡಿ. 44 ಎಡಿಯವರಿಗೂ ಈ ನಾಲ್ಕು ಅಂಕಿ ಬೇಕು, ರಿಟರ್ನ್ ನಮೂನೆ ಅವನ್ನು ಕೇಳುತ್ತದೆ. ಆಮೇಲೆ ಇಲಾಖೆಯ ಜಾಲತಾಣದಲ್ಲಿ ಎಐಎಸ್ ಮತ್ತು 26 ಎಎಸ್ (ನಿಮ್ಮ ವ್ಯವಹಾರ, ನಿಮ್ಮ ಹೆಸರಿನಲ್ಲಿ ಕಟ್ಟಿದ ತೆರಿಗೆಯ ಬಗ್ಗೆ ಇಲಾಖೆಯ ಬಳಿ ಇರುವ ಪಟ್ಟಿಗಳು) ತೆಗೆದು ನಿಮ್ಮ ಪುಸ್ತಕದ ಜೊತೆ ತಾಳೆ ನೋಡಿ. ಜಿಎಸ್‌ಟಿಯಲ್ಲಿ ತೋರಿಸಿದ ವಹಿವಾಟು, ಇಲ್ಲಿ ತೋರಿಸುವ ವಹಿವಾಟು ಎರಡೂ ಹೊಂದಬೇಕು.

ಅಂದಾಜು ಲಾಭದವರಿಗೆ ಐಟಿಆರ್-4, ಒಟ್ಟು ಆದಾಯ 50 ಲಕ್ಷ ಮೀರದಿದ್ದರೆ ಮಾತ್ರ. ಪೂರ್ತಿ ಲೆಕ್ಕ ಇಟ್ಟ ಏಕಮಾಲೀಕರಿಗೆ ಮತ್ತು ಪಾಲುದಾರರಿಗೆ ಐಟಿಆರ್-3, ಪಾಲುದಾರಿಕೆ ಸಂಸ್ಥೆಗೆ ಐಟಿಆರ್-5, ಕಂಪನಿಗೆ ಐಟಿಆರ್-6. ಗಡುವು ತಪ್ಪಿದರೆ 5,000 ರೂಪಾಯಿವರೆಗೆ ಶುಲ್ಕವಷ್ಟೇ ಅಲ್ಲ, ಆ ವರ್ಷದ ವ್ಯಾಪಾರದ ನಷ್ಟವನ್ನು ಮುಂದಿನ ಎಂಟು ವರ್ಷಗಳ ಲಾಭದಿಂದ ಕಳೆಯುವ ಹಕ್ಕೂ ಹೋಗುತ್ತದೆ. ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿ ಮೂಲಕ ದೃಢೀಕರಿಸದಿದ್ದರೆ ಸಲ್ಲಿಸಿದ ಲೆಕ್ಕಕ್ಕಿಲ್ಲ.

ಆಮೇಲೆ ಕಾಗದಗಳು. ಲೆಕ್ಕಪುಸ್ತಕ ಇಡಬೇಕಾದವರು ಆರು ವರ್ಷಗಳ ಪುಸ್ತಕ ಮತ್ತು ಬಿಲ್ಲುಗಳನ್ನು ಉಳಿಸಿಕೊಂಡಿರಬೇಕು. ನಮ್ಮ ಊರಿನ ತೇವಕ್ಕೆ ಇದು ಸುಲಭವಲ್ಲ. ಥರ್ಮಲ್ ಬಿಲ್ಲು ಒಂದೆರಡು ಮಳೆಗಾಲದಲ್ಲಿ ಬಿಳಿ ಹಾಳೆಯಾಗುತ್ತದೆ, ಅಟ್ಟದ ಮೇಲಿಟ್ಟ ಕಟ್ಟಿಗೆ ಗೆದ್ದಲು ಹತ್ತುತ್ತದೆ. ಬಿಲ್ಲು ಕೈಗೆ ಬಂದ ದಿನವೇ ಫೋನಿನಲ್ಲಿ ಫೋಟೋ ತೆಗೆದು ತಿಂಗಳಿಗೊಂದು ಫೋಲ್ಡರಿನಲ್ಲಿ ಹಾಕಿ, ಇನ್ನೊಂದು ಪ್ರತಿ ಮನೆಯವರ ಇಮೇಲಿನಲ್ಲಿರಲಿ. ಕಾಗದದ ಪ್ರತಿಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ, ನೆಲದಿಂದ ಮೇಲೆ, ಗೋಡೆಗೆ ತಾಗದಂತೆ ಇಟ್ಟು, ಮುಚ್ಚಳದ ಮೇಲೆ ವರ್ಷ ಬರೆದಿಡಿ.